ಹಳೇ ದವಾಖಾನೆಯ ಬಿಳಿ ಸೀರೆಯವಳು

ನಾನು ನರ್ಸ್ ಕೆಲಸದಿಂದ ನಿವೃತ್ತಳಾದ ವರ್ಷವೇ ಮನೆಯವರಿಗೆ ಲಕ್ವಾ ಹೊಡೆಯಿತು. ದವಾಖಾನೆಯ ಪಾಳಿ ಮುಗಿದು ಮನೆಯ ಪಾಳಿ ಹತ್ತಿತು. ಇದಕ್ಕೆ ರಜೆ ಇಲ್ಲ. ಮಗ್ಗಲು ಹೊರಳಿಸಬೇಕು, ಗಂಜಿ ಕುಡಿಸಬೇಕು, ಹಾಸಿಗೆ ಒಗೆಯಬೇಕು. ಮಧ್ಯಾಹ್ನ ಅವರಿಗೆ ನಿದ್ದೆ ಹತ್ತಿದ ಮೇಲೆ ಬಾಗಿಲು ಮುಂದಕ್ಕೆಳೆದುಕೊಂಡು, ಮುರಗೋಡದ ದಾರಿಗೆ ಪಾಳುಬಿದ್ದಿರುವ ಹಳೇ ದವಾಖಾನೆಗೆ ಹೋಗಿ ಕೂರುತ್ತಿದ್ದೆ.

ನಾನು ದುಡಿದದ್ದು ಅಲ್ಲಿಯೇ. ಹೊಸ ಕಟ್ಟಡ ಆದಾಗಿನಿಂದ ಅತ್ತ ಯಾರೂ ಹಾಯುವುದಿಲ್ಲ. ಕಿಟಕಿಗಳನ್ನು ಯಾರೋ ಕಿತ್ತೊಯ್ದಿದ್ದಾರೆ, ಹೆರಿಗೆ ಕೋಣೆಯೊಳಗೆ ಜಾಲಿ ಎದ್ದಿದೆ. ಹಿಂದಿನ ಪಡಸಾಲೆ ಮಾತ್ರ ತಂಪು. ಗೋಡೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚುತ್ತಿದ್ದೆ. ಡ್ಯೂಟಿಯ ಬಿಳಿ ಸೀರೆಗಳನ್ನೇ ಇನ್ನೂ ಉಟ್ಟು ಸವೆಸುತ್ತಿದ್ದೆ.

ಒಂದು ದಿನ, ಹಿಂದಿನ ಓಣಿಯಲ್ಲಿ ರೊಟ್ಟಿ ಬಡಿದು ಮಾರುವ ಹೆಣ್ಣುಮಗಳು ರೊಟ್ಟಿ ಕೊಡಲು ಬಂದವಳು ದನಿ ತಗ್ಗಿಸಿದಳು.

“ಅಕ್ಕಾರ, ಹಳೇ ದವಾಖಾನಿ ಕಡೆ ಹೋಗಬ್ಯಾಡ್ರಿ. ಬಾಣಂತನದಾಗ ಸತ್ತಾಕಿ ಬಿಳಿ ಸೀರಿ ಉಟ್ಕೊಂಡು ಕುಂತಿರತಾಳಂತ. ಕುರಿ ಕಾಯಾಂವ ನೋಡ್ಯಾನ್ರಿ.”

“ಏನ ಮಾಡತಾಳಂತ?”

“ಏನೂ ಮಾಡಂಗಿಲ್ಲಂತ್ರಿ. ಸುಮ್ನ ಕುಂತಿರತಾಳಂತ.”

ನಗು ಬರಬೇಕಿತ್ತು, ಬರಲಿಲ್ಲ. ಆ ಕೋಣೆಯಲ್ಲಿ ನನ್ನ ಕಣ್ಣೆದುರೇ ಜೀವ ಬಿಟ್ಟವರಿದ್ದಾರೆ. ಸುಮ್ಮನೆ ಕೂರುವ ಪುರಸೊತ್ತು ಅವರಿಗೆ ಬದುಕಿದ್ದಾಗ ಎಲ್ಲಿ ಸಿಕ್ಕಿತ್ತು? ಕುರಿಯವನು ಕಂಡದ್ದು ನನ್ನನ್ನೇ ಎಂದು ಅವಳಿಗೆ ಹೇಳಲಿಲ್ಲ. ಹೇಳಿದರೆ ‘ಸಿಸ್ಟರ್, ಬಿಪಿ ನೋಡ್ರಿ’ ಎನ್ನುತ್ತ ಅಲ್ಲಿಗೂ ಜನ ಬರುತ್ತಿದ್ದರು.

ಯುಗಾದಿ ಮುಗಿದು ಬಿಸಿಲು ಏರಿದ್ದ ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಹೆಜ್ಜೆ ಸಪ್ಪಳವಾಯಿತು. ಕಣ್ಣು ತೆರೆದರೆ ರೊಟ್ಟಿಯವಳೇ. ಮೊಳಕೈಗೆ ಜೋಳದ ಹಿಟ್ಟು ಹಾಗೇ ಇತ್ತು.

“ಯವ್ವಾ!” ಎಂದು ಮೆಟ್ಟಿಲ ಮೇಲೆ ಕುಸಿದಳು. “ಅಕ್ಕಾರ... ನೀವೇನ್ರಿ?”

“ನಾನ. ದೆವ್ವ ಐತಿ ಅಂದಾಕಿ ನೀನ್ಯಾಕ ಬಂದಿ?”

ಸೆರಗಿನಿಂದ ಮುಖ ಒರೆಸಿಕೊಂಡಳು. “ನಸುಕಿನಾಗ ಒಲಿ ಮುಂದ ಕುಂತ್ರ ಮನ್ಯಾಗಿನವ್ರು ಏಳಾಕ ಬಿಡಂಗಿಲ್ರಿ. ರೊಟ್ಟಿ ಆದ್ರ ಚಾ, ಚಾ ಆದ್ರ ಮತ್ತೊಂದು. ದೆವ್ವ ಇದ್ದಲ್ಲಿ ಯಾರೂ ಹುಡುಕ್ಕೊಂಡು ಬರಂಗಿಲ್ಲ ಅಂತ ಬಂದೆ.”

ಸರಿದು ಜಾಗ ಬಿಟ್ಟೆ. “ಒಂಚೂರು ಅಡ್ಡಾಗತೇನ್ರಿ” ಎಂದು ಬರಿಗಲ್ಲಿನ ಮೇಲೆ ಮಲಗಿದವಳಿಗೆ ಆಗಲೇ ನಿದ್ದೆ ಹತ್ತಿತು. ಮುಂಗೈ ತುಂಬ ರೊಟ್ಟಿ ಹೆಂಚು ತಾಗಿದ ಸುಟ್ಟ ಕಲೆಗಳು. ಮನೆಯವರು ಏಳುವ ಹೊತ್ತಾಗಿತ್ತು. ಆದರೂ ಅವಳ ಮುಖದ ಮೇಲಿನ ನೊಣ ಓಡಿಸುತ್ತ ಕೂತೆ.

ಮನೆಗೆ ಬಂದಾಗ ಅವರು ಎಚ್ಚರವಾಗಿದ್ದರು. “ಎಲ್ಲಿ ಹೋಗಿದ್ದಿ?” ಎಂದರು ತೊದಲುತ್ತ.

“ದವಾಖಾನಿಗೆ” ಎಂದೆ.

ಹಾಸಿಗೆ ತೊಯ್ದಿತ್ತು; ಬದಲಿಸಿದೆ.