ಕೊಡ ಹೊತ್ತು ಕಲಿತ ಥ್ರೋಬಾಲ್

ಸಿಟ್ಟು ಬಂದರೆ ಚೆಂಡನ್ನು ಗೋಡೆಗೆ ಬಡಿಯುವುದು ನನ್ನ ಚಾಳಿ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ, ಅಲ್ಲಿ ಒಂದೇ ಸಾಲಿನ ಮಿಷನ್‌ಗಳಲ್ಲಿ ಕೂರುವ ನಮ್ಮ ಲೈನಿನ ಥ್ರೋಬಾಲ್ ತಂಡದಲ್ಲಿ ಆಟ. ಕೈಯೇನೋ ಚುರುಕು, ಆದರೆ ಚೆಂಡು ಹಿಡಿದ ಕೂಡಲೇ ಕಾಲು ತಡವರಿಸುತ್ತಿತ್ತು. ಹೀಗೇ ಆದರೆ ಈ ಸಲದ ಫ್ಯಾಕ್ಟರಿ ಕ್ರೀಡಾಕೂಟಕ್ಕೆ ತಂಡದಿಂದ ಹೊರಗೆ ಎಂದು ಸೂಪರ್‌ವೈಸರ್ ಹೇಳಿಬಿಟ್ಟಿದ್ದರು.

ರಾಜಗೋಪಾಲನಗರದ ನಮ್ಮ ವಠಾರದಲ್ಲಿ ಪಕ್ಕದ ಮನೆಯಲ್ಲಿ ರಾಯಚೂರು ಕಡೆಯ ಅಕ್ಕನೊಬ್ಬಳು ಬಾಡಿಗೆಗಿದ್ದಳು, ಕಟ್ಟಡ ಕೆಲಸದವಳು. ಗೋಡೆಯ ಸದ್ದು ತಾಳಲಾರದೆ ಒಂದು ದಿನ ಹೊರಗೆ ಬಂದವಳು ಬೈಯಲಿಲ್ಲ. ಸ್ವಲ್ಪ ಹೊತ್ತು ನೋಡಿ, "ಕೈ ಕಲ್ತಾವ, ಕಾಲು ಕಲ್ತಿಲ್ಲ ತಂಗಿ," ಎಂದಳು.

ಮರುದಿನ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂದಾಗ ನನ್ನ ತಲೆಗೆ ಸಿಂಬೆ ಇಟ್ಟು, ಮೇಲೆ ಅರ್ಧ ಕೊಡ ನೀರಿಟ್ಟು ಮೆಟ್ಟಿಲು ಹತ್ತಿಸಿದಳು. ನನಗೆ ಅಲ್ಲೇ ಸ್ನಾನವಾಯಿತು. ವಠಾರವೆಲ್ಲ ನಕ್ಕಿತು, ಅವಳೊಬ್ಬಳು ನಗಲಿಲ್ಲ. "ಕೆಳಗ ನೋಡಬ್ಯಾಡ. ಪಾದಕ್ಕ ತಾನೇ ಗೊತ್ತಾಗ್ತದ," ಎಂದಳು. ಕೊಡ ಮುಗಿದರೆ ಟೆರೇಸಿನ ಮೇಲೆ ಕುಂಟೆಬಿಲ್ಲೆ, ಒಮ್ಮೆ ಎಡಗಾಲು, ಒಮ್ಮೆ ಬಲಗಾಲು. ಎರಡು ತಿಂಗಳು ಕಳೆಯುವಷ್ಟರಲ್ಲಿ ಕೊಡದ ಕಂಠದವರೆಗೆ ನೀರಿದ್ದರೂ ಒಂದು ಹನಿ ಚೆಲ್ಲದೆ ಹತ್ತುತ್ತಿದ್ದೆ.

ಕ್ರೀಡಾಕೂಟದ ದಿನ ಅವಳು ಅರ್ಧ ದಿನದ ಕೆಲಸ ಬಿಟ್ಟು ಸೈಟಿನಿಂದ ನೇರ ಬಂದಳು. ಸೀರೆಯ ಮೇಲೆ ಗಂಡನ ಹಳೇ ಶರ್ಟು, ಅದರ ತೋಳಿಗೆಲ್ಲ ಸಿಮೆಂಟು. ನಮ್ಮ ಲೈನು ಗೆದ್ದಿತು. ನನ್ನ ಕಾಲು ಒಮ್ಮೆಯೂ ತಡವರಿಸಲಿಲ್ಲ.

"ಸಕ್ಕತ್ ಕಣಮ್ಮ! ಯಾರ್ ಟ್ರೈನಿಂಗ್ ಕೊಟ್ರು?" ಎಂದು ಸೂಪರ್‌ವೈಸರ್ ಎಲ್ಲರ ಮುಂದೆ ಕೇಳಿದರು.

ಅಕ್ಕ ನನ್ನ ಬ್ಯಾಗು ಹಿಡಿದು ಹಿಂದೆಯೇ ನಿಂತಿದ್ದಳು. ಜೊತೆಯವರೆಲ್ಲ ಹೊಸ ಟ್ರ್ಯಾಕ್‌ಸೂಟಿನಲ್ಲಿದ್ದರು. ಕೊಡ, ಕುಂಟೆಬಿಲ್ಲೆ ಎಂದರೆ ನಗುತ್ತಾರೆ ಎನಿಸಿತು.

"ಯಾರೂ ಇಲ್ಲ ಸಾರ್. ಮೊಬೈಲಲ್ಲಿ ವಿಡಿಯೋ ನೋಡಿ ಕಲ್ತೆ," ಎಂದೆ.

ಆಡಿದ ಮರುಕ್ಷಣವೇ ನಾಚಿಕೆಯಾಯಿತು. ಆದರೂ ತಿರುಗಿ ನೋಡಲಿಲ್ಲ.

ಮನೆಗೆ ಬರುವ ದಾರಿಯುದ್ದಕ್ಕೂ ಅವಳ ಬೈಗುಳಕ್ಕೆ ಕಾದೆ. ಬೈದಿದ್ದರೆ ನಾನೂ ಜಗಳವಾಡಿ ಹಗುರಾಗುತ್ತಿದ್ದೆ. ವಠಾರದ ಬಾಗಿಲಲ್ಲಿ ಬ್ಯಾಗು ಕೊಡುತ್ತಾ ಕೇಳಿದಳು. ಚುಚ್ಚಲು ಅಲ್ಲ, ನಿಜವಾಗಿಯೇ ಕೇಳಿದಳು: "ಆ ವಿಡಿಯೋ ನನಗೂ ತೋರ್ಸು ತಂಗಿ. ನಾ ಏನರ ತಪ್ಪು ಕಲಿಸಿದ್ರ ತಿಳೀತದ."

"ನೆಟ್‌ವರ್ಕ್ ಇಲ್ಲ ಅಕ್ಕ," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಆ ತಿಂಗಳೇ ಅಕ್ಕನವರ ಕೆಲಸ ಬೆಂಗಳೂರಿನ ಇನ್ನೊಂದು ತುದಿಗೆ, ಚಂದಾಪುರದ ಕಡೆಗೆ ಹೋಯಿತು. ಸಾಮಾನು ಟೆಂಪೋಗೆ ಹಾಕುವಾಗ ಅವಳು ಇನ್ನೊಮ್ಮೆ ಕೇಳಿದಳು. ಅಂದೂ ನೆಟ್‌ವರ್ಕ್ ಇಲ್ಲವೆಂದೆ.