ವಿದೋಸಾವಾ ಸಾಕುವ ಸಾಧು ವೈರಸ್ಸುಗಳು

ಬೆಳಗಿನ ಐದೂವರೆ. ಮೊರಾವಾ ನದಿಯ ಮೇಲಿನ ಮಂಜು ಇನ್ನೂ ಕದಲಿಲ್ಲ. ಊರಿನ ಜಲಾಗಾರದ ಹಿಂಬದಿಯ ಕೋಣೆಯಲ್ಲಿ ಐವತ್ತೇಳರ ವಿದೋಸಾವಾ ಗಾಜಿನ ತಟ್ಟೆಯೊಂದನ್ನು ದೀಪಕ್ಕೆ ಹಿಡಿದು ಕಣ್ಣು ಕಿರಿದು ಮಾಡಿಕೊಂಡಿದ್ದಾರೆ. ತಟ್ಟೆಯ ತುಂಬ ಬ್ಯಾಕ್ಟೀರಿಯಾ ತೆಳುವಾದ ಕೆನೆಯಂತೆ ಹಬ್ಬಿದೆ. ಸೋಸಿದ ನೀರಿನಲ್ಲಿ ಉಳಿದ ವೈರಸ್ ತಿಂದ ಕಡೆ ಮಾತ್ರ ಸಾಸಿವೆ ಗಾತ್ರದ ತೂತು, ಒಂದೊಂದಕ್ಕೆ ಒಂದೊಂದು.

"ಮೂರೇ ಮೂರು. ನಿನ್ನೆ ಬಿಟ್ಟಿದ್ದು ಒಂದು ಲಕ್ಷ. ಮಿಕ್ಕಿದ್ದನ್ನೆಲ್ಲ ಮರಳು ಹಿಡ್ಕೊಂಡಿದೆ, ಭೇಷ್!" ಎಂದು ಅವರು ಹೇಳುವುದು ಗೋಡೆಗೆ. ಸಹಾಯಕರ ಹುದ್ದೆ ಖಾಲಿಯಾಗಿ ಹನ್ನೊಂದು ವರ್ಷವಾಗಿದೆ.

ಕೆಲಸ ಇಷ್ಟೇ. ಊರಿನ ನೀರು ಸೋಸುವ ದೊಡ್ಡ ಶೋಧಕದ ಪಕ್ಕದಲ್ಲಿ ಅದರದೇ ಮರಿಯೊಂದಿದೆ, ಅದೇ ಮರಳು, ಅದೇ ಇದ್ದಿಲು. ಅದರ ನೀರು ಊರಿನ ಕೊಳಾಯಿಗೆ ಸೇರುವುದಿಲ್ಲ. ಕಾಮಾಲೆ ತರುವ ವೈರಸ್ಸನ್ನು ಬಿಟ್ಟು ಪರೀಕ್ಷಿಸಲು ಯಾರಿಗೆ ಧೈರ್ಯ? ಅದಕ್ಕೇ ಅಷ್ಟೇ ಗಾತ್ರದ, ಮನುಷ್ಯರನ್ನು ಮೂಸಿಯೂ ನೋಡದ ಸಾಧು ವೈರಸ್ಸನ್ನು ಬಿಡುತ್ತಾರೆ. ಅದನ್ನು ತಡೆದ ಶೋಧಕ ಕಾಮಾಲೆಯದ್ದನ್ನೂ ತಡೆಯುತ್ತದೆಂಬ ಲೆಕ್ಕಾಚಾರ. ಹಿಂದೊಮ್ಮೆ ನೆರೆ ಬಂದಾಗ ಊರಿನ ಅರ್ಧಕ್ಕರ್ಧ ಮಕ್ಕಳ ಕಣ್ಣು ಹಳದಿಯಾಗಿತ್ತು. ಇಪ್ಪತ್ತಾರು ವರ್ಷದಿಂದ ಅದು ಮರುಕಳಿಸಿಲ್ಲ.

ಇದಕ್ಕಾಗಿ ಊರು ಅವರನ್ನು ತಲೆಯ ಮೇಲೆ ಹೊತ್ತು ಮೆರೆಸಿದೆಯೇ? ಹೊತ್ತಿರುವುದು ಅಪವಾದ ಮಾತ್ರ, ಅದೂ ಅವರೇ. ಎರಡು ವರ್ಷದ ಹಿಂದೆ ಬ್ರೆಡ್ಡಿನ ಅಂಗಡಿಯ ಸಾಲಿನಲ್ಲಿ ಪಕ್ಕದ ಮನೆಯ ಸ್ತಾಮೆಂಕಾ ಕೇಳಿದ್ದರು, "ಏನೇ ವಿದಾ, ಮುಖ ಬಾಡಿದೆ?"

"ಬೆಳಿಗ್ಗೆಯಿಂದ ನೀರಿಗೆ ವೈರಸ್ ಸುರಿದೂ ಸುರಿದೂ ಸಾಕಾಯ್ತು ಕಣೇ."

ಮಧ್ಯಾಹ್ನದೊಳಗೆ ಊರೆಲ್ಲ ಡಂಗುರ. ಅಧಿಕಾರಿಗಳು ಸಭೆ ಕರೆದು ವಿವರಿಸಿದ ಮೇಲೆ ಜನ ನೀರನ್ನು ನಂಬಿದರು. ವಿದೋಸಾವಾರನ್ನು ನಂಬಲಿಲ್ಲ.

"'ಮೊಮ್ಮಗು ಇದೆ ಮಾರಾಯ್ತಿ, ದೂರದಿಂದ್ಲೇ ಮುದ್ದು ಮಾಡು' ಅಂತಾಳೆ ಸ್ತಾಮೆಂಕಾ. ನಗ್ತಾ ನಗ್ತಾನೇ ಹೇಳ್ತಾಳೆ. ನಾನೂ ನಗ್ತೀನಿ. ಮನೆಗೆ ಬಂದು ಅಳ್ತೀನಿ," ಎನ್ನುತ್ತಾರೆ ವಿದೋಸಾವಾ. ಗಂಡ ಮಿಲೊರಾದ್ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವರೊಬ್ಬರೇ.

ಕಳೆದ ವಾರ ಅವರ ಮನೆದೇವರ ಹಬ್ಬ, ಸ್ಲಾವಾ. ಅದಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ, ಬಾರದಿರುವ ಪದ್ಧತಿಯೂ ಇಲ್ಲ. ಆರು ಜನ ಬಂದರು. ಬಂದವರಿಗೆ ಮೊದಲು ಒಂದು ಚಮಚ ಚೆರ್ರಿ ಮುರಬ್ಬ, ಜೊತೆಗೊಂದು ಲೋಟ ನೀರು. ಮುರಬ್ಬ ತಿಂದು ನೀರು ಕುಡಿದರೇ ಆತಿಥ್ಯ ಒಪ್ಪಿದಂತೆ. ಎಲ್ಲರೂ ಮುರಬ್ಬ ಬಾಯಿಗಿಟ್ಟು ಚಪ್ಪರಿಸಿದರು. ಸ್ತಾಮೆಂಕಾರ ಕೈ ಲೋಟದವರೆಗೂ ಹೋಯಿತು. ಆ ಕೈ ಪಕ್ಕದಲ್ಲಿದ್ದ ಕರವಸ್ತ್ರವನ್ನು ಎತ್ತಿಕೊಂಡಿತು.

"ತಮ್ಮನೇಲಿ ಅದೇ ನಲ್ಲಿ ನೀರು ಗಟಗಟ ಕುಡೀತಾರೆ. ನನ್ನ ಕೈಯಿಂದ ಕೊಟ್ರೆ ಮಾತ್ರ ಆಗಲ್ಲ. ಒಬ್ಬರು, ಒಂದೇ ಒಂದು ಗುಟುಕು ಕುಡಿದಿದ್ರೆ ಸಾಕಿತ್ತು ನೋಡಿ," ಎನ್ನುತ್ತಾ ಅವರು ಮುಂದಿನ ತಟ್ಟೆಯನ್ನು ದೀಪಕ್ಕೆ ಹಿಡಿಯುತ್ತಾರೆ.

ಎಲ್ಲರೂ ಹೋದ ಮೇಲೆ ಆ ಆರು ಲೋಟಗಳನ್ನು ಏನು ಮಾಡಿದಿರಿ ಎಂದು ಕೇಳುತ್ತೇನೆ.

"ಚೆಲ್ಲೋಕೆ ಮನಸ್ಸು ಬರ್ಲಿಲ್ಲ. ಕೂತ್ಕೊಂಡು ಆರನ್ನೂ ನಾನೇ ಕುಡಿದೆ. ಅಂಥ ಚೊಕ್ಕ ನೀರು ರೀ ಅದು."