ಗುಬ್ಬಿ ಕೇಬಲ್ಲಿನ ಲೆಕ್ಕ

ಸಾಹೇಬರ ಗದ್ದದ ಕೆಳಗೆ ಕಾಳುಮೆಣಸಿನಷ್ಟು ಗಾತ್ರದ ಕಪ್ಪು ಗಂಟೊಂದು ಇತ್ತು. ಅಂಗಿಯ ಜೇಬಿನಲ್ಲಿ ನೆಟ್ಟಗೆ ನಿಂತ ಸ್ಲೈಡ್ ರೂಲ್, ಅಂದರೆ ಲೆಕ್ಕ ಹಾಕುವ ಜಾರುಪಟ್ಟಿ, ಅವರು ಮೇಜಿನ ಮೇಲೆ ಬಗ್ಗಿದಾಗಲೆಲ್ಲ ಅಲ್ಲಿಗೇ ತಿವಿಯುತ್ತಿತ್ತು. ಎಷ್ಟು ತಿವಿದರೂ ಅದನ್ನು ಬೇರೆ ಕಡೆ ಇಡಲಿಲ್ಲ.

ತುಮಕೂರಿನ ವಿದ್ಯುತ್ ಕಚೇರಿಯಲ್ಲಿ ಅವರು ಓವರ್‌ಸಿಯರ್. ನಾನು ಎಪ್ಪತ್ತರ ದಶಕದ ಕೊನೆಗೆ ಸೇರಿದ ಟೆಂಪರರಿ ಟೈಪಿಸ್ಟ್, ದಿನಾ ಕುಣಿಗಲ್ಲಿನಿಂದ ಬಸ್ಸಿನಲ್ಲಿ ಬಂದುಹೋಗುವವಳು. ನೆಲದಡಿ ಹೂಳುವ ಕೇಬಲ್ಲು ಎಷ್ಟು ಲೋಡ್ ತಡೆಯುತ್ತದೆ, ಎಷ್ಟು ಕಾಯುತ್ತದೆ ಎಂಬ ಲೆಕ್ಕ ಅವರದು. ಅದನ್ನು ಟೈಪ್ ಮಾಡುವ ಕರ್ಮ ನನ್ನದು. ಕರ್ಮವೇ ಸರಿ, ಯಾವ ಲೆಕ್ಕವೂ ಒಂದೇ ಸಲಕ್ಕೆ ಮುಗಿದದ್ದಿಲ್ಲ. ಮಣ್ಣು ಒಣಗಿದ್ದರೆ ಬೇರೆ, ತೇವವಿದ್ದರೆ ಬೇರೆ, ಬೇಸಿಗೆಗೆ ಇನ್ನೂ ಬೇರೆ. ಚೊಕ್ಕಟವಾಗಿ ಹೊಡೆದ ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ಗೀಚಿ ವಾಪಸ್ ಇಡುತ್ತಿದ್ದರು. ನಾನು ಮುಖ ಊದಿಸಿಕೊಂಡರೆ ಹುರಿಗಡಲೆ ಡಬ್ಬಿ ಮುಂದಿಟ್ಟು, "ಬೈಕೋಮ್ಮ, ಆದ್ರೆ ಟೈಪ್ ಮಾಡು" ಎನ್ನುವರು. "ಒಂದೇ ಚಾಪೆ ಮೇಲೆ ಮೂವರು ಮಲಗಿದ್ರೆ ಸೆಕೆ ಆಗಲ್ವಾ? ಕೇಬಲ್ಲಿಗೂ ಅಷ್ಟೇ ಕಣಮ್ಮ."

ಗುಬ್ಬಿಯ ನೀರಿನ ಪಂಪ್‌ಹೌಸಿಗೆ ಮೂರು ಕೇಬಲ್ಲು ಹೋಗಬೇಕಿತ್ತು, ಒಂದೇ ಕಿರಿದಾದ ಟ್ರೆಂಚಿನಲ್ಲಿ. ಸಾಹೇಬರು ಒಂಟಿ ಕೇಬಲ್ಲು ತಡೆಯುವ ಲೋಡಿನ ಪಟ್ಟಿ ಬರೆದು, ಅಡಿಯಲ್ಲಿ ನಕ್ಷತ್ರ ಗುರುತು ಹಾಕಿ ಒಂದು ಸಾಲು ಸೇರಿಸಿದ್ದರು: ಮೂರೂ ಅಕ್ಕಪಕ್ಕ ಇದ್ದರೆ ಲೋಡ್ ಕಾಲುಭಾಗ ಇಳಿಸಬೇಕು. ನಾನದನ್ನು ಟೈಪ್ ಮಾಡುತ್ತಿದ್ದುದು ನಾಲ್ಕನೆಯ ಸಲ. ಹಾಳೆ ತುಂಬಿಹೋಗಿತ್ತು, ಕುಣಿಗಲ್ ಬಸ್ಸಿನ ಹೊತ್ತಾಗಿತ್ತು. ಒಂದು ಸಾಲಿಗೆ ಇನ್ನೊಂದು ಹಾಳೆಯೇ ಎಂದು ಬಿಟ್ಟುಬಿಟ್ಟೆ. ಬೆಳಿಗ್ಗೆ ಅವರು, ನಾಲ್ಕು ಸಲ ತಿದ್ದಿದ್ದಾಯಿತು, ಇನ್ನು ನೋಡುವುದೇನು ಎಂದು ಓದದೆ ಸೈನ್ ಹಾಕಿದರು.

ಬೇಸಿಗೆ ಬಂತು. ಮೂರೂ ಪಂಪು ಹಗಲಿಡೀ ಓಡಿ, ಕೇಬಲ್ಲುಗಳು ಕಾದು ಸುಟ್ಟುಹೋದವು. ಗುಬ್ಬಿಯ ನಲ್ಲಿಗಳಲ್ಲಿ ಒಂದು ವಾರ ನೀರಿಲ್ಲ. ಹೆಂಗಸರು ಖಾಲಿ ಬಿಂದಿಗೆ ಹಿಡಿದು ನಮ್ಮ ಕಚೇರಿಗೇ ಬಂದರು.

ವಿಚಾರಣೆಯ ದಿನ ಇಂಜಿನಿಯರು ನಾನು ಹೊಡೆದ ಹಾಳೆಯನ್ನು ಎತ್ತಿ ಹಿಡಿದು, "ಏನ್ರೀ, ಮೂರು ಒಟ್ಟಿಗೆ ಹಾಕಿದ್ರೆ ಲೋಡ್ ಇಳಿಸ್ಬೇಕು ಅಂತ ನಿಮಗ್ ಗೊತ್ತಿರ್ಲಿಲ್ವಾ?" ಎಂದರು. ನಕ್ಷತ್ರದ ಸಾಲಿದ್ದ ಕೈಬರಹದ ಹಾಳೆ ಸಾಹೇಬರ ಡ್ರಾಯರಿನಲ್ಲೇ ಇತ್ತು. ತೆಗೆದು ತೋರಿಸಿದ್ದರೆ ಅವರು ಉಳಿಯುತ್ತಿದ್ದರು, ನನ್ನ ಕೆಲಸ ಹೋಗುತ್ತಿತ್ತು. ನಾನು ಎದ್ದು ನಿಂತೆ. ಅವರು ನನ್ನ ಕಡೆ ನೋಡದೆ, "ಸೈನ್ ನಂದು ಸಾರ್" ಎಂದುಬಿಟ್ಟರು. ನಾನು ಕೂತುಕೊಂಡೆ. ಅವರ ಬಡ್ತಿ ನಿಂತಿತು, ದೂರದ ಊರಿಗೆ ವರ್ಗವಾಯಿತು.

ಹೊರಡುವ ದಿನ, ನನ್ನನ್ನು ಯಾಕೆ ಮಾತಾಡಲು ಬಿಡಲಿಲ್ಲ ಎಂದು ಅಳುತ್ತಲೇ ಜಗಳ ತೆಗೆದೆ.

"ನಾನ್ ಓದ್ಬೇಕಿತ್ತು, ಓದ್ಲಿಲ್ಲ. ಹಾಳೆ ಸಾಲ್ದಿದ್ರೆ ಇನ್ನೊಂದ್ ತಗೋಮ್ಮ, ಕಚೇರೀದು ತಾನೆ" ಎಂದು, ಹುರಿಗಡಲೆ ಡಬ್ಬಿಯನ್ನು ನನ್ನ ಮೇಜಿನ ಮೇಲೆ ಬಿಟ್ಟುಹೋದರು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಅವರ ಮೇಲೂ, ನನ್ನ ಮೇಲೂ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವರು ತೀರಿಕೊಂಡ ಸುದ್ದಿ ಬಂತು. ಅಷ್ಟರಲ್ಲಿ ನನ್ನ ಕೆಲಸ ಕಾಯಂ ಆಗಿತ್ತು. ಸಂತಾಪ ಸೂಚನೆಯನ್ನು ನಾನೇ ಟೈಪ್ ಮಾಡಿದೆ. ಹಾಳೆ ತುಂಬಿತು. ಇನ್ನೊಂದು ಹಾಳೆ ತೆಗೆದು ಒಂದೇ ಸಾಲು ಹೊಡೆದೆ: ಗುಬ್ಬಿ ಕೇಬಲ್ಲಿನ ಲೆಕ್ಕ ಸರಿಯಾಗಿತ್ತು, ಸಾಲು ಬಿಟ್ಟವಳು ಟೈಪಿಸ್ಟ್.

ಹೆಡ್ ಕ್ಲರ್ಕ್ ಓದಿ, "ಸತ್ತೋರ ಕಾಗದದಲ್ಲಿ ಇದೆಲ್ಲ ಯಾಕಮ್ಮ" ಎಂದು ಗುಂಡುಪಿನ್ನು ಬಿಚ್ಚಿ ಎರಡನೆಯ ಹಾಳೆಯನ್ನು ಬುಟ್ಟಿಗೆ ಹಾಕಿದರು. ಮೊದಲನೆಯದು ಮಾತ್ರ ಮೇಲಿನ ಕಚೇರಿಗೆ ಹೋಯಿತು. ಎರಡನೆಯದನ್ನು ಇಲ್ಲಿ ಬರೆದಿದ್ದೇನೆ.